ಎರಡೂವರೆ ಹಲಗೆಯಷ್ಟು ಜಾಗ

ಹಜಾರಕ್ಕೆ ಲ್ಯಾಮಿನೇಟ್ ನೆಲ ಹಾಕಿಸೋಣವೆಂದು ನಾನು ತೀರ್ಮಾನಿಸಿದ್ದು ಮಹಾಂತೇಶ ಮನೆ ಬಿಟ್ಟು ಹೋದ ಒಂಬತ್ತನೆಯ ವರ್ಷದಲ್ಲಿ. ಆ ಎರಡಕ್ಕೂ ಸಂಬಂಧವಿರಲಿಲ್ಲ. ಹಳೆಯ ರೆಕ್ಸಿನ್ ಹಾಸು ಅಡುಗೆಮನೆಯ ಬಾಗಿಲ ಹತ್ತಿರ ಹರಿದಿತ್ತು. ದಿನಕ್ಕೆರಡು ಸಲ ನನ್ನ ಹೆಬ್ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೇ ಕಾರಣ. ಮಹಾಂತೇಶ ನನ್ನ ಗಂಡ. ಮೊದಲೆಲ್ಲ ‘ಅವರು’ ಅನ್ನುತ್ತಿದ್ದೆ. ಹೋದ ಮೇಲೆ ಯಾವಾಗಲೋ ಹೆಸರು ಹಿಡಿದು ಹೇಳುವುದು ರೂಢಿಯಾಯಿತು.

ನಮ್ಮೂರಿನಲ್ಲಿ ಸಿಮೆಂಟು ಕಲಸಿ ಟೈಲ್ಸ್ ಕೂರಿಸುವವರು ಕಡಿಮೆ. ಕೂರಿಸಿದ ಮನೆಗಳಲ್ಲಿ ಮೊದಲ ಬಾಣಂತನಕ್ಕೇ ಬಿರುಕು ಬಿಡುತ್ತದೆ. ಮನೆಗೆ ಯಾರಾದರೂ ಇರಲು ಬರುವ ಕೆಲವು ವಾರ ಮುಂಚೆ ಅವರು ಮಲಗುವ ಕೋಣೆ ಅಗಲವಾಗುತ್ತದೆ, ಬಿಟ್ಟು ಹೋಗುವ ಮುಂಚೆ ಕಿರಿದಾಗುತ್ತದೆ. ಒಬ್ಬರಿಗೆ ಸುಮಾರು ಒಂದೂವರೆ ಅಡಿ. ಕೂಸಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ನೆಂಟರು ನಾಲ್ಕು ದಿನ ಇದ್ದು ಹೋದರೆ ಗೋಡೆ ಅಲುಗುವುದಿಲ್ಲ. ಹಾಗಾಗಿ ನಮ್ಮ ಕಡೆ ಕಿಟಕಿಯ ಪರದೆಗಳನ್ನು ಉದ್ದ ಹೊಲಿಸಿ ಅಂಚು ಮಡಚಿಡುತ್ತಾರೆ, ಕರೆಂಟಿನ ವೈರನ್ನು ಸಡಿಲವಾಗಿ ಬಿಡುತ್ತಾರೆ, ಬೀರುವನ್ನು ಗೋಡೆಯಿಂದ ಈಚೆಗೆ ಇಡುತ್ತಾರೆ. ಬರುವುದು ಯಾರು, ಹೋಗುವುದು ಯಾರು ಎಂದು ಮಾತ್ರ ಗೋಡೆ ತಿಳಿಸುವುದಿಲ್ಲ. ಮದುವೆಯಾಗಿ ಹೋಗುವುದಕ್ಕೂ ಅದೇ ಒಂದೂವರೆ ಅಡಿ, ಮಸಣಕ್ಕೆ ಹೋಗುವುದಕ್ಕೂ ಅದೇ.

ಒಂಬತ್ತು ವರ್ಷದ ಹಿಂದೆ ನಮ್ಮ ಹಜಾರ ಕಿರಿದಾಗಲು ಶುರುವಾದಾಗ ಮನೆಯಲ್ಲಿ ಮೂವರಿದ್ದೆವು, ನಾನು, ಮಹಾಂತೇಶ, ಅವನ ತಾಯಿ ಚೆನ್ನವೀರಮ್ಮ. ಮನೆಯಲ್ಲಿ ಮಲಗುವ ಜಾಗವೆಂದರೆ ಅದೊಂದೇ ಹಜಾರ, ನಡುವೆ ಒಂದು ಪರದೆ. ಮಂಚ ಗೋಡೆಗೆ ತಗಲತೊಡಗಿದ ದಿನ ನಮ್ಮತ್ತೆ ನನ್ನ ಟ್ರಂಕನ್ನು ಕೆಳಗಿಳಿಸಿದರು. ನನ್ನ ಸೀರೆಗಳನ್ನೆಲ್ಲ ಒಂದೊಂದಾಗಿ ಮಡಚಿ ಅದರಲ್ಲಿ ಜೋಡಿಸಿ ತಲೆಬಾಗಿಲ ಪಕ್ಕದಲ್ಲಿಟ್ಟರು. “ಯಾರಾದ್ರೂ ಹೋಗ್ಲೇಬೇಕಲ್ಲಮ್ಮ. ಹೋಗೋಳು ನೀನೇ. ಕೊನೇ ಘಳಿಗೇಲಿ ಗಡಿಬಿಡಿ ಯಾಕೆ?” ಅಂದರು. ನಾನು ಹುಟ್ಟಿ ಬೆಳೆದ ಮನೆ ಅದು, ನಮ್ಮಪ್ಪ ಕಟ್ಟಿಸಿದ್ದು. ಹದಿನೆಂಟು ದಿನ ಆ ಟ್ರಂಕನ್ನು ದಾಟಿಕೊಂಡು ಕೆಲಸಕ್ಕೆ ಹೋಗಿ ಬಂದೆ. ಹತ್ತೊಂಬತ್ತನೆಯ ದಿನ, ಒಂದು ಮಂಗಳವಾರ, ಮಹಾಂತೇಶ ಒಂದು ಕೈಚೀಲ ಹಿಡಿದು ಹೊರಟುಹೋದ. ಹೊಳೆಯಾಚೆಯ ಹೊಸ ಬಡಾವಣೆಯಲ್ಲಿ ಅವನಿಗೆ ಇನ್ನೊಂದು ಸಂಸಾರವಿತ್ತು. ಆರು ತಿಂಗಳಾದ ಮೇಲೆ ತಾಯಿಯನ್ನೂ ಕರೆಸಿಕೊಂಡ. ಹೋಗುವಾಗ ಚೆನ್ನವೀರಮ್ಮ ಬೀದಿಯಲ್ಲಿ ನಿಂತು, “ನನ್ನ ಮಗ ಹೋಗೋ ಹಾಗೆ ಮಾಡಿದ್ದು ಇವಳೇ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಹಜಾರ ಹತ್ತಡಿ ಅಗಲಕ್ಕೆ ಬಂದು ನಿಂತಿತು. ನನಗೊಬ್ಬಳಿಗೆ ಸಾಕಾಗಿತ್ತು.

ನೆಲದ ಅಂಗಡಿ ಮೌನೇಶಾಚಾರ್ರದು. ಅರವತ್ತು ದಾಟಿದವರು, ಮೊದಲು ಬಾಗಿಲು ಕಿಟಕಿ ಮಾಡುತ್ತಿದ್ದರು. ಈಗ ಲ್ಯಾಮಿನೇಟ್ ಹಲಗೆ ಮಾರುವುದೂ ಅವರೇ, ಮನೆಗೆ ಬಂದು ಜೋಡಿಸುವುದೂ ಅವರೇ. ಈ ಹಲಗೆಗಳನ್ನು ನೆಲಕ್ಕೆ ಅಂಟಿಸುವುದಿಲ್ಲ. ಒಂದರ ಅಂಚನ್ನು ಇನ್ನೊಂದರ ಸೀಳಿಗೆ ಸಿಕ್ಕಿಸಿ ಸುಮ್ಮನೆ ಹಾಸುತ್ತಾರೆ, ಗೋಡೆಯ ಸುತ್ತ ಅರ್ಧ ಇಂಚು ಸಂದು ಬಿಡುತ್ತಾರೆ. ಕೋಣೆ ಬೆಳೆದರೆ ಇನ್ನೊಂದು ಸಾಲು ಸೇರಿಸಬಹುದು, ಕುಗ್ಗಿದರೆ ಒಂದು ಸಾಲು ಬಿಚ್ಚಬಹುದು. ಅದಕ್ಕೇ ನಮ್ಮೂರಿಗೆ ಅದು ಚೆನ್ನಾಗಿ ಒಗ್ಗಿದೆ.

“ಮನೇಲಿ ಎಷ್ಟು ಜನಮ್ಮ?” ಎಂದು ಆಚಾರ್ರು ಕೇಳಿದರು.

“ಒಬ್ಬಳೇ.”

“ನಾಯಿ, ಬೆಕ್ಕು?”

“ಇಲ್ಲ.”

“ಹಾಗಾದ್ರೆ ಎ.ಸಿ. ಮೂರು ಸಾಕು.”

“ನಮ್ಮನೇಲಿ ಎ.ಸಿ. ಇಲ್ಲ ಆಚಾರ್ರೇ, ಫ್ಯಾನ್ ಅಷ್ಟೇ.”

ಅವರು ನಗಲಿಲ್ಲ. ದಿನಾ ಯಾರಾದರೊಬ್ಬರು ಹಾಗೆ ಹೇಳುತ್ತಾರೇನೋ. “ಅದು ಸವೆತದ ನಂಬರು. ಮನೆಗೆ ಮೂರು, ಜನ ಜಾಸ್ತಿ ಓಡಾಡೋ ಕಡೆ ನಾಲ್ಕು, ಐದು” ಎಂದು ಹೇಳಿ ಒಂದು ತುಂಡನ್ನು ಮೇಜಿನ ಮೇಲಿಟ್ಟು ಬೀಗದ ಕೈಯಿಂದ ಗೀರಿ ತೋರಿಸಿದರು. ಗೀರು ಬೀಳಲಿಲ್ಲ. ಆಮೇಲೆ ಅದನ್ನು ತಿರುಗಿಸಿ ಪಕ್ಕದ ಅಂಚು ತೋರಿಸಿದರು. “ಮೇಲೆ ಕಾಣೋದು ಮರ ಅಲ್ಲ, ಮರದ ಫೋಟೋ. ಅದರ ಮೇಲೊಂದು ಗಟ್ಟಿ ಪದರ ಇದೆ, ಅದಕ್ಕೇನೂ ಆಗಲ್ಲ. ಒಳಗಿರೋದು ಮರದ ಪುಡಿ. ಅದಕ್ಕೆ ನೀರು ತಾಗಿದ್ರೆ ನೆನೆದ ಅವಲಕ್ಕಿ ಥರ ಉಬ್ಬತ್ತೆ.” ಎಂಟು ಎಂ.ಎಂ. ದಪ್ಪದ್ದಾದರೆ ನಡೆದಾಗ ಟಕ್ ಟಕ್ ಅನ್ನುತ್ತದೆ, ಹನ್ನೆರಡಾದರೆ ಸದ್ದು ಕಡಿಮೆ ಎಂದರು. ಒಬ್ಬಳೇ ಇರುವ ಮನೆಯಲ್ಲಿ ಸ್ವಲ್ಪ ಸದ್ದಾದರೆ ಒಳ್ಳೆಯದೇ ಅನ್ನಿಸಿ ಎಂಟನ್ನೇ ಒಪ್ಪಿದೆ. ಬಣ್ಣ ಬೂದಿಯದು. ಹತ್ತಡಿ ಅಗಲ, ಹದಿಮೂರಡಿ ಉದ್ದ ಎಂದು ನಾನೇ ಅಳೆದು ಬರೆದುಕೊಂಡು ಹೋಗಿದ್ದೆ.

ನಾಲ್ಕು ದಿನ ಬಿಟ್ಟು ಆಚಾರ್ರು ಅಳತೆಗೆ ಬಂದರು. ಟೇಪು ಹಿಡಿದರು, ಬರೆದುಕೊಂಡರು, ಮತ್ತೆ ಹಿಡಿದರು. ನಮ್ಮೂರಿನಲ್ಲಿ ಅಳೆಯುವವರು ಅಳತೆಯ ಬಗ್ಗೆ ಮಾತಾಡಬಾರದು ಎಂದು ಒಂದು ಪದ್ಧತಿಯಿದೆ. ಅವರು ಚೀಟಿಯನ್ನು ನನ್ನ ಕೈಗೆ ಕೊಟ್ಟು ನೀರು ಕೇಳಿ ಕುಡಿದು ಹೋದರು. ಚೀಟಿಯಲ್ಲಿ ಹತ್ತಡಿ ಮೂರು ಇಂಚು ಎಂದಿತ್ತು.

ನಾನು ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಒಂದು ಸಂಖ್ಯೆ ವಿಚಿತ್ರವಾಗಿ ಬಂದರೆ ಗಾಬರಿಯಾಗಬಾರದು, ಅದೇ ಮಾದರಿಯನ್ನು ಇನ್ನೊಮ್ಮೆ ನೋಡಬೇಕು ಎಂದು ಇಪ್ಪತ್ತು ವರ್ಷ ಕಲಿತವಳು. ನಾನು ಮೂರು ಸಲ ಅಳೆದೆ. ಹತ್ತಡಿ ಮೂರು, ಹತ್ತಡಿ ಮೂರು, ಹತ್ತಡಿ ಮೂರು ಚಿಲ್ಲರೆ. ಮರುದಿನ ಸಂಜೆಗೆ ಹತ್ತಡಿ ನಾಲ್ಕು. ಅದರ ಮರುದಿನ ನಾಲ್ಕೂವರೆ. ನನ್ನ ಮನೆಗೆ ಯಾರೋ ಬರುವವರಿದ್ದರು.

ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುವ ಶಬಾನಾಗೆ ಮಾತ್ರ ಹೇಳಿದೆ. “ಮತ್ತಿನ್ಯಾರು ಮೇಡಂ, ನಿಮ್ಮ ಯಜಮಾನ್ರೇ” ಅಂದಳು ಅವಳು ಒಂದು ಕ್ಷಣವೂ ಯೋಚಿಸದೆ. “ಬೇರೆ ಯಾರಿದಾರೆ ನಿಮಗೆ ಬರೋರು?” ನಾನೂ ಲೆಕ್ಕ ಹಾಕಿದ್ದೆ. ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರಿಲ್ಲ, ಮಕ್ಕಳಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವನು ಬಂದರೆ ಖುಷಿಯಾಗುತ್ತದೋ ಸಿಟ್ಟು ಬರುತ್ತದೋ ನನಗೆ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸಬೇಕು ಅನ್ನಿಸಿತು. ಅದೇ ದಿನ ಮಧ್ಯಾಹ್ನ ಆಚಾರ್ರ ಅಂಗಡಿಗೆ ಹೋಗಿ, ಬೂದಿ ಬಣ್ಣ ಬೇಡ, ತೇಗದ ಬಣ್ಣ ಕೊಡಿ ಎಂದು ಹೇಳಿ ಬಂದೆ. ಮಹಾಂತೇಶನಿಗೆ ತೇಗದ ಬಣ್ಣ ಇಷ್ಟ. ಮೂರು ದಿನ ಬಿಟ್ಟು ಹೋಗಿ ಬೂದಿಯೇ ಇರಲಿ ಅಂದೆ. ಇನ್ನೆರಡು ದಿನ ಬಿಟ್ಟು ಅಂಗಡಿಯ ಮುಂದೆ ಹೋಗಿ ನಿಂತಾಗ ಆಚಾರ್ರು ಒಳಗಿನಿಂದಲೇ ನನ್ನನ್ನು ನೋಡಿ ಎದ್ದು ಬಂದರು.

“ಅಮ್ಮಾ, ತೇಗವಾ, ಬೂದಿಯಾ?”

“ಗೊತ್ತಾಗ್ತಿಲ್ಲ ಆಚಾರ್ರೇ.”

“ನೆಲ ನೀವು ನಡೆಯೋದಕ್ಕೆ. ಬರೋರು ಯಾವ ಬಣ್ಣ ಇದ್ರೂ ನಡೀತಾರೆ.”

ಬರುವವರ ಬಗ್ಗೆ ಅವರು ಆಡಿದ ಮಾತು ಅದೊಂದೇ. ಬೂದಿ ಬಣ್ಣದ ಹಲಗೆಗಳು ಬಂದವು.

ಪೆಟ್ಟಿಗೆಗಳನ್ನು ಒಡೆಯದೆ ಎರಡು ದಿನ ಹಜಾರದಲ್ಲೇ ಮಲಗಿಸಿಡಬೇಕಂತೆ. ಮನೆಯ ಗಾಳಿಗೆ ಅವು ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಹಾಕಿದ ಮೇಲೆ ಹಿಗ್ಗುತ್ತವೆ. ಆ ಎರಡು ದಿನ ನಾನು ಪೆಟ್ಟಿಗೆಗಳ ನಡುವೆ ಮಲಗಿದೆ. ಆಮೇಲೆ ಆಚಾರ್ರು ಬಂದು ತೇವ ತಡೆಯುವ ಹಾಳೆ ಹಾಸಿ, ಅದರ ಮೇಲೆ ತೆಳ್ಳಗಿನ ಫೋಮ್ ಹಾಸಿ, ಕಿಟಕಿಯ ಬೆಳಕು ಬೀಳುವ ದಿಕ್ಕಿಗೇ ಹಲಗೆ ಜೋಡಿಸುತ್ತ ಬಂದರು. ಅಷ್ಟು ಹೊತ್ತಿಗೆ ಹಜಾರ ಹನ್ನೊಂದಡಿ ದಾಟಿತ್ತು. ಕೊನೆಯ ಗೋಡೆಯ ಬಳಿ ಸಂದು ಮುಚ್ಚುವ ಪಟ್ಟಿ ಹೊಡೆಯದೆ ಹಾಗೇ ಬಿಟ್ಟರು. “ಇನ್ನೂ ಒಂದು ಸಾಲು ಹಿಡಿಯತ್ತೆ. ನಿಂತ ಮೇಲೆ ಹೇಳಿ, ಬಂದು ಮುಗಿಸ್ತೀನಿ” ಅಂದರು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಮಗುವಿಗೆ ಹೇಳುವ ಹಾಗೆ ಹೇಳಿದರು. “ಬಕೆಟ್ಟು ಒಳಗೆ ತರಬೇಡಿ. ಬಟ್ಟೇನ ಹಿಂಡಿ ಹಿಂಡಿ, ಒಂದು ಹನಿ ಬೀಳಬಾರದು, ಅದರಲ್ಲಿ ಒರೆಸಿ. ನೀರು ಚೆಲ್ಲಿದ್ರೆ ತಕ್ಷಣ ಒರೆಸಿ. ಫಿನಾಯಿಲ್ ಹಾಕಬೇಡಿ. ಮಂಚದ ಕಾಲಿಗೆ, ಕುರ್ಚಿ ಕಾಲಿಗೆ ದಪ್ಪ ಬಟ್ಟೆ ಅಂಟಿಸಿ. ಎಳೀಬೇಡಿ, ಎತ್ತಿ ಇಡಿ. ಬಾಗಿಲಲ್ಲಿ ಒಂದು ಕಾಲೊರೆಸು ಇರಲಿ. ಇಷ್ಟು ಮಾಡಿದ್ರೆ ಹದಿನೈದು ವರ್ಷ ನಿಮ್ಮ ತಂಟೆಗೆ ಬರಲ್ಲ.”

ಹತ್ತು ದಿನದಲ್ಲಿ ಗೋಡೆ ಹನ್ನೊಂದೂವರೆ ಅಡಿಗೆ ಬಂದು ನಿಂತಿತು. ಮೊದಲಿದ್ದುದಕ್ಕಿಂತ ಎರಡೂವರೆ ಹಲಗೆಯಷ್ಟು ಹೆಚ್ಚು ಜಾಗ. ಆ ಖಾಲಿ ಜಾಗದ ಪಕ್ಕದಲ್ಲಿ ಕೂತು ಕಾಫಿ ಕುಡಿಯುವಾಗ ಅಲ್ಲಿ ಈಗಾಗಲೇ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು. ಮಹಾಂತೇಶ ಬಂದರೆ ಹೇಳಬೇಕಾದ ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಒಂದು ದಿನ ಬೈಗುಳ, ಇನ್ನೊಂದು ದಿನ ಕ್ಷೇಮಸಮಾಚಾರ.

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಮನೆ ಮುಂದೆ ಆಟೋ ನಿಂತಿತು. ಇಳಿದವರು ಚೆನ್ನವೀರಮ್ಮ. ಎಪ್ಪತ್ತಾರು ವರ್ಷ ಇರಬೇಕು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ನಾನು ಅವರ ಹಿಂದೆ ನೋಡಿದೆ, ಆಟೋದೊಳಗೆ ನೋಡಿದೆ. ಬೇರೆ ಯಾರೂ ಇರಲಿಲ್ಲ.

“ಅವನಿಲ್ಲ” ಅಂದರು. “ನಾನೊಬ್ಬಳೇ.”

“ಇಲ್ಲಿಗ್ಯಾಕೆ ಬಂದ್ರಿ?” ಎಂದೆ. ಬಾಗಿಲಿಗೆ ಅಡ್ಡ ನಿಂತೇ ಕೇಳಿದೆ, ಅದನ್ನು ಮುಚ್ಚಿಡುವುದಿಲ್ಲ.

ಅವರು ಜಗಲಿಯ ಮೇಲೆ ಕೂತರು. ಉಸಿರು ಸುಧಾರಿಸಿಕೊಂಡು ಹೇಳಿದರು. “ಅಲ್ಲಿ ನಾನು ಮಲಗೋ ಕೋಣೆ ಚಿಕ್ಕದಾಗ್ತಾ ಬಂತು, ದಾಕ್ಷಾಯಿಣಿ. ಅವರು ನಾನು ಸಾಯ್ತೀನಿ ಅಂದ್ಕೊಂಡ್ರು. ನಾನೂ ಹಾಗೇ ಅಂದ್ಕೊಂಡೆ. ಸ್ವಾಮಿಗಳನ್ನ ಕರೆಸಿದ್ರು, ಬೇಕಾದ್ದು ಮಾಡಿ ಹಾಕಿದ್ರು. ಒಂದು ತಿಂಗಳು ಎಲ್ಲರೂ ಕಾದ್ವಿ. ಗೋಡೆ ಬಂದು ಮಂಚಕ್ಕೆ ತಾಗ್ತು. ನಾನು ಸಾಯಲಿಲ್ಲ. ಆಮೇಲೆ ಅವನು ದಿನಾ ಬೆಳಿಗ್ಗೆ ಎದ್ದು ಬಂದು ನನ್ನ ಮುಖ ನೋಡೋದು. ಇನ್ನೂ ಇದಾಳಲ್ಲ ಅನ್ನೋ ಹಾಗೆ. ಬಾಯಲ್ಲಿ ಏನೂ ಅನ್ಲಿಲ್ಲ ಪಾಪ. ನಾನೇ ಎದ್ದು ಬಂದೆ.”

ತಿಂಗಳಿಡೀ ಇನ್ನೊಬ್ಬರಿಗಾಗಿ ಸಿದ್ಧ ಮಾಡಿಕೊಂಡಿದ್ದ ಮಾತುಗಳು ನಾಲಿಗೆಯ ಮೇಲಿದ್ದವು, ಅವು ಯಾವುವೂ ಇವರಿಗೆ ಹೊಂದುತ್ತಿರಲಿಲ್ಲ. ಈ ಜಾಗ ಇವರಿಗಾ ಎಂದು ಗೋಡೆಯ ಮೇಲೆ ಸಿಟ್ಟು ಬಂತು. ಕೊನೆಗೆ, “ಎರಡು ದಿನ ಇರಿ, ಆಮೇಲೆ ನೋಡೋಣ” ಎಂದು ಪಕ್ಕಕ್ಕೆ ಸರಿದೆ. ಅವರು ಒಳಗೆ ಕಾಲಿಟ್ಟು ನೆಲ ನೋಡಿ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡರು. “ಮರದ್ದಾ?” ಎಂದು ಕೇಳಿದರು. “ಮರದ ಫೋಟೋ” ಅಂದೆ.

ಮರುದಿನ ಎಂದಿನಂತೆ ಬೆಳಿಗ್ಗೆ ಆರಕ್ಕೆ ಲ್ಯಾಬಿಗೆ ಹೋಗಿ ಮಧ್ಯಾಹ್ನ ಒಂದಕ್ಕೆ ಬಂದೆ. ಜಗಲಿಯಲ್ಲಿ ಬಕೆಟ್ಟು ಬೋರಲಾಗಿತ್ತು, ಪಕ್ಕದಲ್ಲಿ ಪೊರಕೆ ಒಣಗುತ್ತಿತ್ತು. ಒಳಗೆ ಹೋದರೆ ಹಜಾರದ ನೆಲ ಹೊಳೆಯುತ್ತಿತ್ತು. ಹಲಗೆಗಳ ನಡುವಿನ ಗೆರೆಗಳಲ್ಲಿ ಇನ್ನೂ ನೀರು ನಿಂತಿತ್ತು. ಕಿಟಕಿಯ ಬಳಿ ನಾಲ್ಕೈದು ಹಲಗೆಗಳ ಅಂಚು ತುಟಿ ಊದಿಕೊಂಡಂತೆ ಮೇಲೆದ್ದಿತ್ತು. ಅವರು ಜೀವಮಾನವೆಲ್ಲ ಮನೆ ತೊಳೆದ ಹಾಗೆ ಇದನ್ನೂ ತೊಳೆದಿದ್ದರು, ಎರಡು ಬಕೆಟ್ ನೀರು ಸುರಿದು, ಪೊರಕೆಯಲ್ಲಿ ಗುಡಿಸಿ, ಫಿನಾಯಿಲ್ ಹಾಕಿ.

ನಾನು ಕೂಗಾಡಿದೆ. ನೆಲದಿಂದ ಶುರುವಾದದ್ದು ಟ್ರಂಕಿಗೆ ಹೋಯಿತು, ಟ್ರಂಕಿನಿಂದ ಬೀದಿಯಲ್ಲಿ ಆಡಿದ ಮಾತಿಗೆ ಹೋಯಿತು. ಒಂಬತ್ತು ವರ್ಷ ನಾನು ಯಾರ ಹತ್ತಿರವೂ ಆಡದೆ ಇಟ್ಟುಕೊಂಡದ್ದೆಲ್ಲ ಬಂತು. “ಇವತ್ತೇ ಹೋಗಿ, ಈಗಲೇ ಹೋಗಿ” ಅಂದೆ. ನಾನು ಸುಸ್ತಾಗಿ ಕೂತ ಮೇಲೆ ಅವರು, “ನಿನ್ನ ಮನೇಲಿ ಸುಮ್ನೆ ಕೂತು ಉಣ್ಣಬಾರದು ಅಂತ ತೊಳೆದೆ ಕಣೇ” ಅಂದರು. “ಟ್ರಂಕಿನ ವಿಷಯ ಅಲ್ಲಿ ಒಂದು ತಿಂಗಳು ದಿನಾ ನೆನಪಾಯ್ತು ನನಗೆ. ನನ್ನ ಚೀಲ ಅವರು ಹಾಗೇ ಬಾಗಿಲ ಹತ್ರ ಇಟ್ಟಿದ್ರು.”

ಮೌನೇಶಾಚಾರ್ರಿಗೆ ಫೋನ್ ಮಾಡಿದೆ.

ಅವರು ಬಂದು ಗೋಡೆಯ ಕಡೆಯಿಂದ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ, ಬೆನ್ನಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಗೋಡೆಗೆ ಒರಗಿಸಿ ಫ್ಯಾನು ಹಾಕಿದರು. ಆರು ಹಲಗೆ ಕೆಟ್ಟಿದ್ದವು, ಉಳಿದವು ಒಣಗಿದರೆ ನಡೆಯುತ್ತವೆ ಅಂದರು. ಕೆಳಗಿನ ಫೋಮ್ ಹಾಳೆಯನ್ನು ಅಂಗಳದಲ್ಲಿ ಹರವಿದರು. ಆಮೇಲೆ ಚೆನ್ನವೀರಮ್ಮನನ್ನು ಕರೆದು ಒಂದು ಬಟ್ಟೆ ಕೊಟ್ಟು, “ಅಜ್ಜೀ, ಹೀಗೆ ಹಿಂಡಬೇಕು” ಎಂದು ತೋರಿಸಿದರು. ಅತ್ತೆ ಹಿಂಡಿದರು. ಬಟ್ಟೆಯಿಂದ ಸಣ್ಣಗೆ ನೀರು ಸೋರುತ್ತಲೇ ಇತ್ತು. ಇನ್ನೊಮ್ಮೆ ಹಿಂಡಲು ಹೋದರೆ ಮಣಿಕಟ್ಟು ತಿರುಗಲಿಲ್ಲ. ಬೆರಳಿನ ಗಂಟುಗಳೆಲ್ಲ ಊದಿದ್ದವು. ಆ ಕೈಯಲ್ಲಿ ಎರಡು ಬಕೆಟ್ ಹೇಗೆ ಹೊತ್ತರೋ. ನಾನು ಅವರ ಕೈಯಿಂದ ಬಟ್ಟೆ ಕಿತ್ತುಕೊಂಡು ಹಿಂಡಿ ವಾಪಸ್ಸು ಕೊಟ್ಟೆ. ಅವರು ಕೂತು ಒರೆಸಿದರು.

ಎರಡು ದಿನ ಮುಗಿದವು. ಹಲಗೆ ಒಣಗಿ ಮತ್ತೆ ಜೋಡಿಸುವ ತನಕ ಇರಲಿ ಅಂದುಕೊಂಡೆ. ಐದನೆಯ ದಿನ ಜೋಡಿಸಿಯಾಯಿತು, ಈ ಸಲ ಕೊನೆಯ ಸಾಲೂ ಸೇರಿ ಹನ್ನೊಂದೂವರೆ ಅಡಿ ಪೂರ್ತಿ. ಆಮೇಲೆ ಹಬ್ಬ ಬಂತು, ಹಬ್ಬ ಮುಗಿಯಲಿ ಅಂದುಕೊಂಡೆ. ಬೆಳಿಗ್ಗೆ ನಾನು ಹೋಗುವ ಮುಂಚೆ ಒಂದೇ ಬಟ್ಟೆಯನ್ನು ಹಿಂಡಿ ಇಟ್ಟು ಹೋಗುತ್ತಿದ್ದೆ, ಅವರು ಒರೆಸಿರುತ್ತಿದ್ದರು. ಮಂಚದ ಕಾಲುಗಳಿಗೆ ನನ್ನ ಹಳೆಯ ಸ್ವೆಟರ್ ಕತ್ತರಿಸಿ ತಾವೇ ದಾರ ಸುತ್ತಿ ಕಟ್ಟಿದ್ದರು. ನಮ್ಮಿಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ. ಸಾರಿಗೆ ಉಪ್ಪು ಸಾಕಾ, ಹಾಲಿನವನು ಬಂದನಾ, ಅಷ್ಟೇ.

ಒಂದು ಸಂಜೆ ಹಜಾರದ ನಡುವೆ ನಡೆಯುವಾಗ ಕಾಲಿಗೆ ಏನೋ ತಾಗಿ ಎಡವಿದೆ. ಕೂತು ನೋಡಿದೆ. ಎರಡು ಹಲಗೆ ಸೇರುವ ಕಡೆ ನೆಲ ಗುಡಾರದ ನೆತ್ತಿಯ ಹಾಗೆ ಎದ್ದಿತ್ತು. ನೀರು ತಾಗಿದ ಗುರುತಿರಲಿಲ್ಲ. ಗೋಡೆಯ ಹತ್ತಿರ ಹೋಗಿ ಪಟ್ಟಿ ತೆಗೆದು ಬೆರಳು ಹಾಕಿದರೆ ಅರ್ಧ ಇಂಚಿನ ಸಂದು ಮುಚ್ಚಿಹೋಗಿತ್ತು. ಅಂಚಿನಲ್ಲಿ ಜಾಗ ಸಿಗದ ಹಲಗೆ ನಡುವೆ ಎದ್ದು ನಿಲ್ಲುತ್ತದೆ ಎಂದು ಆಚಾರ್ರು ಮೊದಲೇ ಹೇಳಿದ್ದರು. ಟೇಪು ಹಿಡಿದೆ. ಹನ್ನೊಂದಡಿ ಐದು ಇಂಚು ಚಿಲ್ಲರೆ. ಮರುದಿನ ಐದಕ್ಕಿಂತ ಕಡಿಮೆ.

ಗೋಡೆ ಯಾವ ದಿನ ಹೊರಟಿತು ಎಂದು ನನಗೆ ಗೊತ್ತಿಲ್ಲ. ‘ಇವತ್ತೇ ಹೋಗಿ’ ಎಂದು ಕೂಗಿದ ದಿನವೇ ಇರಬಹುದು. ಹಾಗಾದರೆ ಗೋಡೆ ನನ್ನ ಮಾತು ಕೇಳಿ ನಡೆಯುತ್ತಿದೆಯೋ, ಇಲ್ಲ ಮುಂದೆ ನಾನು ಮಾಡುವುದನ್ನು ಮೊದಲೇ ತಿಳಿದು ನಡೆಯುತ್ತಿದೆಯೋ? ನಾನು ಕಳಿಸುತ್ತೇನೋ, ಅವರೇ ಹೋಗುತ್ತಾರೋ, ಸಾಯುತ್ತಾರೋ? ಅಥವಾ ಹೋಗುವವಳು ನಾನೇ ಇರಬಹುದೋ? ಲ್ಯಾಬಿನಲ್ಲಿ ಇಂಥ ಅನುಮಾನ ಬಂದರೆ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡುತ್ತೇವೆ. ಮನೆಗೆ ಇನ್ನೊಂದು ಯಂತ್ರ ಎಲ್ಲಿಂದ ತರುವುದು? ಅತ್ತೆ ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ. ಅವರು ಊಟ ಅರ್ಧಕ್ಕೆ ಬಿಟ್ಟರೆ ತಟ್ಟೆಯನ್ನೇ ನೋಡುತ್ತಿದ್ದೆ. ಹಾಗೆ ನೋಡುತ್ತಿದ್ದೇನೆಂದು ನನಗೆ ಹೊಳೆದಿರಲಿಲ್ಲ.

ಬುಧವಾರ ಮಧ್ಯಾಹ್ನ ಬಂದಾಗ ಅವರು ಮಂಚದ ತುದಿಯಲ್ಲಿ ಕೂತಿದ್ದರು. ಬಟ್ಟೆಯ ಚೀಲ ತೊಡೆಯ ಮೇಲಿತ್ತು, ತಲೆ ಬಾಚಿಕೊಂಡಿದ್ದರು.

“ಎಲ್ಲಿಗೆ?” ಎಂದೆ.

“ಗೋಡೆ ಬರ್ತಾ ಇದೆ. ನೋಡಿಲ್ವಾ ನೀನು?”

“ನೋಡಿದೀನಿ.”

“ನೋಡಿದೀಯ. ನನ್ನನ್ನೂ ನೋಡ್ತಾ ಇದೀಯ. ನಾಲ್ಕು ದಿನ ಆಯ್ತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಅಲ್ಲಿ ಒಂದು ತಿಂಗಳು ಕಾದೆ. ಇನ್ನೊಂದು ಸಲ ಕಾಯೋಕೆ ನನ್ನ ಕೈಲಾಗಲ್ಲ. ಮುಂಚೇನೇ ಹೋಗಿಬಿಡ್ತೀನಿ. ಮಠದಲ್ಲಿ ದಾಸೋಹ ಇದೆ, ಜಗಲಿ ಇದೆ. ಅಲ್ಲಿ ಗೋಡೆ ಇಲ್ಲ.”

ಆಗ ನಾನು ಸುಮ್ಮನಿದ್ದಿದ್ದರೆ ಎಲ್ಲವೂ ತಾನಾಗಿ ಆಗಿಹೋಗುತ್ತಿತ್ತು. ಗೋಡೆ ಹೇಳಿದ್ದು ಸರಿಯಾಗುತ್ತಿತ್ತು. ಅವರು ಹೋಗುತ್ತಿದ್ದರು, ನಾನು ಕಳಿಸಿದಂತೆಯೂ ಆಗುತ್ತಿರಲಿಲ್ಲ, ಬೀದಿಯವರು ಏನೂ ಅನ್ನುತ್ತಿರಲಿಲ್ಲ. ನಾನು ಅವರನ್ನು ಕ್ಷಮಿಸಿದ್ದೆನೇ ಎಂದು ಕೇಳಿದರೆ, ಇಲ್ಲ. ಪ್ರೀತಿ ಬಂದಿತ್ತೇ ಎಂದರೆ ಅದೂ ಇಲ್ಲ. ಆದರೆ ಅವರು ಚೀಲ ಹಿಡಿದು ಏಳುವಾಗ ನೆಲಕ್ಕೆ ನೋವಾಗದ ಹಾಗೆ ಮಂಚವನ್ನು ಎಳೆಯದೆ, ಎರಡು ಕೈ ಊರಿ, ನಿಧಾನಕ್ಕೆ ಎದ್ದರು. ಅದನ್ನು ನೋಡಿ ನನಗೆ ಏನಾಯಿತೆಂದು ಈಗಲೂ ಹೇಳಲಾರೆ.

“ಕೂತ್ಕೊಳ್ಳಿ” ಅಂದೆ. “ಸಂಜೆ ಆಚಾರ್ರಿಗೆ ಬರೋಕೆ ಹೇಳ್ತೀನಿ. ಒಂದು ಸಾಲು ಬಿಚ್ಚಿಸ್ತೀನಿ.”

“ಬಿಚ್ಚಿಸಿದ್ರೆ? ಗೋಡೆ ನಿಲ್ಲತ್ತಾ?”

“ನಿಲ್ಲಲ್ಲ. ಇನ್ನೊಂದು ಸಾಲು ಬಿಚ್ಚಿಸೋದು.”

“ಆಮೇಲೆ?”

“ಆಮೇಲೆ ಮಂಚ ಅಡ್ಡ ಹಾಕೋದು. ಈಗಲೇ ಹಾಕೋಣ, ನನಗೊಬ್ಬಳಿಗೆ ಎತ್ತೋಕೆ ಆಗಲ್ಲ. ಆ ಕಡೆ ಹಿಡ್ಕೊಳ್ಳಿ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚೀಲವನ್ನು ಅಡುಗೆಮನೆಯ ಗೂಟಕ್ಕೆ ನೇತುಹಾಕಿ ಬಂದು ಮಂಚದ ಇನ್ನೊಂದು ತುದಿ ಹಿಡಿದರು. ಊದಿದ ಬೆರಳು ಹಿಡಿತಕ್ಕೆ ಬರದೆ ಮೊಣಕೈಯನ್ನೇ ಕೆಳಗೆ ಕೊಟ್ಟು ಎತ್ತಿದರು. ನಾಲ್ಕು ಹೆಜ್ಜೆಗೆ ಎರಡು ಸಲ ಇಳಿಸಿದೆವು.

ಆಚಾರ್ರು ಬಂದು ಒಂದು ಸಾಲು ಬಿಚ್ಚಿದರು. ವಾರ ಬಿಟ್ಟು ಇನ್ನೊಂದು. ಮೂರನೆಯ ಸಲ ಬಂದಾಗ ಕೊನೆಯ ಸಾಲನ್ನು ಉದ್ದಕ್ಕೆ ಸೀಳಿ ಅರ್ಧ ಅಗಲಕ್ಕೆ ಕೂರಿಸಿದರು. ಗೋಡೆ ಹತ್ತಡಿಗೆ ಬಂತು, ಎಲ್ಲರೂ ತಿಳಿದಂತೆ ಒಬ್ಬಳ ಅಳತೆಗೆ. ಅಲ್ಲಿ ನಿಂತಿತು. ಚೆನ್ನವೀರಮ್ಮ ಹೋಗಲಿಲ್ಲ, ಸಾಯಲಿಲ್ಲ. ನಾನೂ ಎಲ್ಲಿಗೂ ಹೋಗಲಿಲ್ಲ. ಒಬ್ಬರು ಹಾಸಿಗೆ ಬಿಡಿಸಿದರೆ ಇನ್ನೊಬ್ಬರು ಅಡುಗೆಮನೆಗೆ ಸರಿಯಬೇಕು, ಬೀರುವಿನ ಬಾಗಿಲು ತೆಗೆಯಬೇಕಾದರೆ ಒಬ್ಬರು ಮಂಚದ ಮೇಲೆ ಕಾಲೆತ್ತಿ ಕೂರಬೇಕು. ಬೀದಿಯವರು ನೆಪ ಮಾಡಿಕೊಂಡು ಬಂದು ಇಣುಕಿ ಹೋದರು. ಆಚಾರ್ರು ತಮ್ಮ ಪದ್ಧತಿ ಬಿಟ್ಟು ಬಾಯಿಬಿಟ್ಟರು. “ನಲವತ್ತು ವರ್ಷದಿಂದ ಈ ಊರಿನ ಮನೆ ಅಳೀತಿದೀನಿ, ಹೀಗೆ ನೋಡಿರಲಿಲ್ಲಮ್ಮ. ಗೋಡೆ ತಪ್ಪಿತಾ, ನೀವು ತಪ್ಪಿದ್ರಾ?” ನನಗೆ ಗೊತ್ತಿದ್ದರೆ ತಾನೆ ಹೇಳುವುದು.

ಮಹಾಂತೇಶ ಒಂದು ಸಲ ಫೋನ್ ಮಾಡಿದ. ಒಂಬತ್ತು ವರ್ಷದ ಮೇಲೆ ಅವನ ದನಿ ಕೇಳಿದೆ. “ಅಮ್ಮ ಇದಾಳಾ?” ಎಂದ. ಮನೆಯಲ್ಲಿದ್ದಾಳಾ ಎಂದು ಕೇಳಿದನೋ, ಬದುಕಿದ್ದಾಳಾ ಎಂದು ಕೇಳಿದನೋ. “ಇದಾರೆ” ಎಂದೆ. ಎರಡಕ್ಕೂ ಅದೇ ಉತ್ತರ. ಅವನು ಫೋನ್ ಇಟ್ಟ.

ಇದಾಗಿ ಎರಡು ವರ್ಷದ ಮೇಲೆ ಅತ್ತೆಗೆ ಜ್ವರ ಬಂತು, ಆರು ದಿನವಾದರೂ ಇಳಿಯಲಿಲ್ಲ. ಅದು ಟೈಫಾಯ್ಡ್, ಆಮೇಲೆ ವಾಸಿಯಾಯಿತು. ಆದರೆ ಆ ಬೆಳಿಗ್ಗೆ ನನಗೆ ಅದು ಗೊತ್ತಿರಲಿಲ್ಲ. ಮನೆಯಲ್ಲೇ ರಕ್ತ ತೆಗೆದುಕೊಂಡು ಲ್ಯಾಬಿಗೆ ಹೋದೆ. ಇಪ್ಪತ್ತು ವರ್ಷದಿಂದ ಬೇರೆಯವರಿಂದ ತುಂಬಿಸುತ್ತಿದ್ದ ಫಾರಮ್ಮನ್ನು ಮೊದಲ ಸಲ ನಾನೇ ತುಂಬಲು ಕೂತೆ. ಹೆಸರು, ವಯಸ್ಸು, ವಿಳಾಸ ಬರೆದೆ. ರೋಗಿಗೂ ನಿಮಗೂ ಇರುವ ಸಂಬಂಧ ಎಂಬ ಕಡೆ ಪೆನ್ನು ನಿಂತಿತು. ಅತ್ತೆ ಎಂದು ಬರೆಯಲು ಗಂಡ ಬೇಕು. ನೆಂಟರು ಎಂದರೆ ಸುಳ್ಳು. ಪರಿಚಯದವರು ಎಂದರೆ ಇನ್ನೂ ದೊಡ್ಡ ಸುಳ್ಳು. ಹಿಂದೆ ಇಬ್ಬರು ಸಾಲಿನಲ್ಲಿ ಕಾಯುತ್ತಿದ್ದರು. ‘ಮನೆಯವರು’ ಎಂದು ಬರೆದು ಕೊಟ್ಟೆ.

ಶಬಾನಾ ಓದಿ ನಕ್ಕಳು. “ಮೇಡಂ, ಮನೆಯವರು ಅಂದ್ರೆ ಯಜಮಾನ್ರು ಅಂತ ಅಲ್ವಾ ಎಲ್ಲರೂ ಹೇಳೋದು? ತಿದ್ಲಾ?”

“ಬೇಡ” ಅಂದೆ. “ಹಾಗೇ ಇರ್ಲಿ.”

ವರದಿ ಬರುವುದಕ್ಕೆ ಎರಡು ಗಂಟೆ ಬೇಕಿತ್ತು. ಒಳಗೆ ಹೋಗಿ ಯಂತ್ರದ ಮುಂದೆ ನಿಲ್ಲಬಹುದಾಗಿತ್ತು, ಆ ಯಂತ್ರ ನಡೆಸುವವಳು ನಾನೇ. ಹೋಗಲು ಧೈರ್ಯವಾಗಲಿಲ್ಲ. ಹೊರಗೆ, ರೋಗಿಗಳ ಕಡೆಯವರು ಕೂರುವ ಬೆಂಚಿನಲ್ಲಿ, ಅವರ ನಡುವೆ ಸ್ವಲ್ಪ ಜಾಗ ಮಾಡಿಕೊಂಡು ಕೂತೆ.